ಮೂರು ಅಂಕದ ಪ್ರಶ್ನೆ

ಕೋಲಾರದ ಮೌಲ್ಯಮಾಪನ ಕೇಂದ್ರ, ಏಪ್ರಿಲ್ಲು.
ಕಿಟಕಿಯಾಚೆ ಅಂತರಗಂಗೆ ಬೆಟ್ಟ
ಬಂಡೆ ಬಂಡೆಯಾಗಿ ಬೇಯುತ್ತಿದೆ.
ಫ್ಯಾನು ತಿರುಗಿದರೆ ಹಾಳೆ ಹಾರುತ್ತವೆಂದು
ಬೈರೆಡ್ಡಿ ಮೇಷ್ಟ್ರು ಸ್ವಿಚ್ಚಿನ ಪಕ್ಕದಲ್ಲೇ ಕಾವಲು ಕೂತಿದ್ದಾರೆ.

ತಲೆಗೆ ನಲವತ್ತು ಪತ್ರಿಕೆ. ಹೆಸರಿಲ್ಲ, ಊರಿಲ್ಲ,
ಮೊದಲ ಪುಟದ ಮೂಲೆ ಹರಿದು ಗುಟ್ಟಿನ ಸಂಖ್ಯೆ ಒತ್ತಿದ್ದಾರೆ.
ಹನ್ನೊಂದನೆಯ ಪ್ರಶ್ನೆ, ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ:
"ಮೂರನೆಯ ಹೆಜ್ಜೆಗೆ ನೆಲವಿರಲಿಲ್ಲ, ತಲೆಯಿತ್ತು."

ಕವಿ ಯಾರ ಹೆಸರೂ ಹೇಳಿಲ್ಲ. ಯಾಕೆ ಹೇಳಬೇಕು?
ಸಾಲಿನ ಗೋಡೆಯಲ್ಲೊಂದು ಕಳ್ಳಬಾಗಿಲಿಟ್ಟು ಹೋಗಿದ್ದಾನೆ,
ಗೊತ್ತಿದ್ದವರು ತಳ್ಳಿಕೊಂಡು ಒಳಗೆ ಬರಲಿ ಎಂದು.
ಗೊತ್ತಿಲ್ಲದವರು?
ಆ ಮಾತು ಕೀ ಉತ್ತರದಲ್ಲಿಲ್ಲ.
ಅದರಲ್ಲಿರುವುದು ಇಷ್ಟು: ಕೊಟ್ಟವನ ಹೆಸರಿಗೆ ಒಂದಂಕ,
ಕೇಳಿದ ಕುಬ್ಜನ ಹೆಸರಿಗೆ ಒಂದು, ಸ್ವಾರಸ್ಯಕ್ಕೆ ಒಂದು.
ಕೊಟ್ಟವನ ಹೆಸರಿಗೆ ಕನ್ನಡದಲ್ಲಿ ಬೇರೊಂದು ಅರ್ಥವೂ ಉಂಟು,
ಊರಮ್ಮನ ಗುಡಿ ಮುಂದಿನ ಕೋಳಿಗೂ ಅದು ಗೊತ್ತು.

ಮೂವತ್ತಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದೇ ಗೈಡಿನ ಒಂದೇ ವಾಕ್ಯ,
ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ.
ಕಣ್ಣು ಓದುವುದು ಬಿಟ್ಟಿತ್ತು, ಕೈ ಬರೆಯುತ್ತಿತ್ತು:
ಮೂರು, ಮೂರು, ಮೂರು.

ಒಂದು ಕೈಬರಹ ಬಾಗಿಲು ತಪ್ಪಿ ಪಕ್ಕದ ಮನೆಗೆ ಹೊಕ್ಕಿತ್ತು:
"ಇದು ನೆಲ ಬಿರಿದು ತಾಯಿ ಒಳಗೆ ಹೋದ ಕಥೆ.
ಆಯಮ್ಮ ಹೆತ್ತ ಜಾಗ ನಮ್ಮ ಆವನಿ ಬೆಟ್ಟದ ಮೇಲಿದೆ,
ಅಜ್ಜಿ ತೋರಿಸಿದ್ದಾಳೆ."
ಇನ್ನೊಂದು, ಅಣ್ಣಂದಿರು ತಮ್ಮನನ್ನು ಬಾವಿಗೆ ತಳ್ಳಿದ್ದನ್ನು ಬರೆದಿತ್ತು,
ಅಂಗಿಗೆ ಸುಳ್ಳು ರಕ್ತ ಬಳಿದದ್ದನ್ನೂ ಬಿಡದೆ.
ಹೇಳಿಕೊಟ್ಟವರು ಮಸೀದಿಯ ಹಜರತ್ತೋ, ಚರ್ಚಿನ ಫಾದರೋ,
ಗುಟ್ಟಿನ ಸಂಖ್ಯೆ ಬಾಯಿಬಿಡುವುದಿಲ್ಲ.
ಸೊನ್ನೆ ಹಾಕುವಾಗ ಪೆನ್ನು ನಿಂತಿತು.
ನಿಂತು, ಹಾಕಿತು.

ಮೂವತ್ತೇಳನೆಯದು. ಬಲಕ್ಕೆ ವಾಲಿದ ಅಕ್ಷರ,
ಮಹಾಪ್ರಾಣವೇ ಇಲ್ಲ.
ಮನೆಯಲ್ಲಿ ತಮಿಳಿರಬೇಕು, ಬೀದಿಯಲ್ಲಿ ತೆಲುಗು,
ಕನ್ನಡ ಬೆಳಿಗ್ಗೆ ಹತ್ತಕ್ಕೆ, ಬೆಲ್ ಹೊಡೆದ ಮೇಲೆ.

"ತಾತ ದಿನಾ ಪಾತಾಲಕ್ಕೆ ಹೋಗುತ್ತಿದ್ದರು.
ಕೇಜಿನಲ್ಲಿ ಇಳಿಸುತ್ತಿದ್ದರು.
ಹಿತ್ತಾಳೆ ಬಿಲ್ಲೆಯಲ್ಲಿ ನಂಬರು ಇತ್ತು, ಹೆಸರು ಇಲ್ಲ.
ಮೊದಲು ಬೂಮಿ ಮೇಲೆ ಇದ್ದದ್ದು ತಗೊಂಡರು.
ಆಮೇಲೆ ಬೂಮಿ ಕೆಳಗೆ ಇದ್ದದ್ದು ತಗೊಂಡರು.
ಆಮೇಲೆ ತಗೊಳ್ಳಲು ಏನೂ ಇರಲಿಲ್ಲ.
ತಾತ ಕೆಮ್ಮುವಾಗ ತಲೆ ಬಗ್ಗಿಸಿಯೇ ಕೆಮ್ಮುತ್ತಿದ್ದರು.
ಕಾಲು ಯಾರದು ಅಂತ ಬಿಲ್ಲೆಯಲ್ಲಿ ಬರೆದಿರಲಿಲ್ಲ."

ಬೈರೆಡ್ಡಿ ಮೇಷ್ಟ್ರಿಗೆ ತೋರಿಸಿದೆ.
ಓದಿದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು.
"ಹೆಸರೆಲ್ಲಿ ಬರೆದೈತೆ ಮೇಡಂ? ಕೀ ನೋಡಿ."
"ಕವಿಯೂ ಬರೆದಿಲ್ಲವಲ್ಲ ಸಾರ್."
"ಕವಿ ಪರೀಕ್ಷೆಗೆ ಕೂತಿಲ್ಲ."

ನಾನು ಆಂಡರ್ಸನ್‌ಪೇಟೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದವಳು.
ಸೈನೈಡ್ ದಿಬ್ಬದ ಧೂಳು ಗಾಳಿ ಎದ್ದ ದಿನ
ಒಣಹಾಕಿದ ಸೀರೆಯ ಮೇಲೆ ಕೂರುವುದು ಗೊತ್ತು.
ಇಪ್ಪತ್ತು ವರ್ಷ ಈ ಕಥೆ ಪಾಠ ಮಾಡಿದ್ದೇನೆ:
ದಾನ, ಗರ್ವಭಂಗ, ವರ್ಷಕ್ಕೊಮ್ಮೆ ಮೇಲೆ ಬಂದು ಹೋಗುವ ವರ.
ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ, ಕೆಳಕ್ಕೆ, ಮೇಲಕ್ಕೆ.
ಮೇಲೆ ಬಂದವನು ಕೆಮ್ಮುತ್ತಾನೆಂದು
ಒಮ್ಮೆಯೂ ಹೊಳೆದಿರಲಿಲ್ಲ.

ಮೊದಲ ಅಂಕ ಹಾಕಿದೆ. ಎರಡನೆಯದನ್ನೂ.
ಮೂರನೆಯದನ್ನು ಎಲ್ಲಿಡಲೆಂದು
ಕೆಂಪು ಪೆನ್ನು ಹಿಡಿದು ಹುಡುಕುತ್ತಿದ್ದೇನೆ.
ಅಂಚಿನಲ್ಲಿ ಜಾಗವಿಲ್ಲ,
ಉದ್ದಕ್ಕೂ ನಾನೇ ಆಗಲೇ ತಿದ್ದಿಟ್ಟ
ಭೂ, ಭೂ, ಳ.