ಮೊದಲೆರಡು ಸಲ

ಮೊದಲ ಸಲ ಹಲಗೆ ಹತ್ತಿದಾಗ ಡೆಮ್ಮುಸ್
ಯಾರದೋ ಮನೆಯ ಹೊಸ್ತಿಲಲ್ಲಿ
ಬೂಟು ಬಿಚ್ಚಬೇಕೋ ಬೇಡವೋ ಎಂದು
ನಿಂತವನಂತಿದ್ದ.

ಎರಡಡಿ ಚೌಕದ ಅಳತೆ ಹಲಗೆ.
ಅದಕ್ಕೆ ಮನುಷ್ಯ ಕಾಣುವುದಿಲ್ಲ,
ಭಾರ ಕಾಣುತ್ತದೆ, ಭಾರದ ಅಲೆದಾಟ ಕಾಣುತ್ತದೆ.
ಪರದೆಯ ಮೇಲೊಂದು ಗೀಚು,
ಮಗು ಬಳಪ ಹಿಡಿದ ಮೊದಲ ದಿನದ್ದು.
ಮೂವತ್ತು ಸೆಕೆಂಡಿನಲ್ಲಿ ತೊಂಬತ್ತೊಂದು ಸೆಂಟಿಮೀಟರು
ನಡೆದಿದ್ದ,
ನಿಂತಲ್ಲೇ.

‘ಇದು ನಾನಲ್ಲ’ ಅಂದ. ‘ಇನ್ನೊಮ್ಮೆ.’

ನಲವತ್ತು ವರ್ಷ ದೋಣಿಯ ಅಟ್ಟದ ಮೇಲೆ
ಕಾಡ್ ಮೀನು ಸೀಳಿದವನು.
ಅಲುಗದ ನೆಲವನ್ನು ಅವನ ಕಾಲು
ಇವತ್ತಿಗೂ ಪೂರ್ತಿ ನಂಬಿಲ್ಲ.

ಎರಡನೆಯ ಸಲ ಎಪ್ಪತ್ತಾರು.
ಮೂರಕ್ಕೆ ಅರವತ್ತೆರಡು.
ನಾಲ್ಕು, ಐದು: ಅಲ್ಲಲ್ಲೇ.
ಎರಡು ವಾರ ಬಿಟ್ಟು ಬಂದಾಗ ಐವತ್ತೈದು!
ಮದ್ದು ಕೊಟ್ಟಿರಲಿಲ್ಲ, ವ್ಯಾಯಾಮ ಹೇಳಿರಲಿಲ್ಲ.
ಆಲೂಗಡ್ಡೆ ಬೇಯುವ ತನಕ
ಒಲೆಯ ಮುಂದೆ ಹೀಗೇ ನಿಲ್ಲುತ್ತೇನೆ ಎಂದು
ತಾನೇ ಒಪ್ಪಿಕೊಂಡ, ನಕಲು ಮಾಡಿ
ಸಿಕ್ಕಿಬಿದ್ದ ಹುಡುಗನ ಹಾಗೆ
ಕಿವಿ ಕೆಂಪಗೆ.

ನಿಯಮ ಸರಳ: ಮೊದಲೆರಡನ್ನು ಬಿಡು,
ಆಮೇಲಿನ ಮೂರರ ಸರಾಸರಿ ತೆಗೆ.
ಆಗ ಅಂಕಿ ನಿಲ್ಲುತ್ತದೆ.
ಇವತ್ತು ಬಂದದ್ದೇ ನಾಳೆಯೂ ಬರುತ್ತದೆ,
ನಂಬಬಹುದು.
ಬಿಟ್ಟ ಆ ಎರಡು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಪ್ಪಿದೆ. ಹನ್ನೊಂದು ವರ್ಷ ಒಪ್ಪಿಕೊಂಡೇ ಬಂದೆ.
ಆದರೆ ಯಾವ ಮೆಟ್ಟಿಲು
ಎರಡು ಸಲ ತಾಲೀಮು ಕೊಟ್ಟು
ಮೂರನೆಯ ಸಲ ಜಾರಿಸುತ್ತದೆ?

ನನ್ನದನ್ನೂ ಹೇಳಿಬಿಡಬೇಕು.
‘ನೋಡಿ, ಹೀಗೆ’ ಎಂದು ತೋರಿಸಲು
ದಿನಕ್ಕೆ ಆರೇಳು ಸಲ ನಾನೇ ಹಲಗೆ ಹತ್ತುತ್ತೇನೆ,
ಕೈ ಸೊಂಟಕ್ಕೆ, ಕಣ್ಣು ಗೋಡೆಯ ಚುಕ್ಕಿಗೆ.
ಈ ದ್ವೀಪಗಳಲ್ಲೆಲ್ಲ ನನ್ನ ಗೀಚೇ ಸಣ್ಣದು,
ಒಂದು ಪೂರ್ಣವಿರಾಮದಷ್ಟು.
ಅಳತೆ ಯಂತ್ರ ಸರಿಯಿದೆಯೇ ಎಂದು
ನನ್ನನ್ನು ನಿಲ್ಲಿಸಿ ನೋಡುತ್ತಾರೆ.

ಫೆಬ್ರವರಿ. ಕ್ಲಾಕ್ಸ್‌ವಿಕ್ ಬಂದರಿನ ಇಳಿಜಾರು.
ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕೀಲಿಕೈ.
‘ರಾನ್‌ವಾ!’ ಎಂದರು ಯಾರೋ. ತಿರುಗಿದೆ.
ಮಂಜುಗಡ್ಡೆ ‘ಸಿದ್ಧವೇ?’ ಎಂದು ಕೇಳಲಿಲ್ಲ.

ಮಣಿಕಟ್ಟು ಮುರಿಯಿತು.
ಬ್ರೆಡ್ಡು ಉರುಳುತ್ತ ಹೋಗಿ
ಕಡಲಹಕ್ಕಿಗಳ ಪಾಲಾಯಿತು.

ಕರೆದವನು ಡೆಮ್ಮುಸ್. ಎತ್ತಿದವನೂ ಅವನೇ.
ಅದೇ ಮಂಜುಗಡ್ಡೆಯ ಮೇಲೆ
ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು,
ಹಿಂದಕ್ಕೂ ಮುಂದಕ್ಕೂ ತೂಗುತ್ತ,
ನನ್ನ ಭಾರವನ್ನೂ ತನ್ನದರೊಳಗೆ ಸೇರಿಸಿಕೊಂಡು ನಿಂತ.
ಹಲಗೆ ಕೆಳಗಿದ್ದರೆ
ತೊಂಬತ್ತೊಂದೇ ಬರೆಯುತ್ತಿತ್ತು,
ಅಥವಾ ಇನ್ನೂ ಹೆಚ್ಚು.

ಈಗಲೂ ಮೊದಲೆರಡನ್ನು ಬಿಡುತ್ತೇನೆ.
ಬಿಟ್ಟದ್ದನ್ನು ಅಂಚಿನಲ್ಲಿ
ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ, ಎಡಗೈ ಬರಹ,
ನನಗೇ ಓದಲು ಕಷ್ಟ.
ರಾಜಧಾನಿಯ ಕಚೇರಿ ಯಾಕೆಂದು ಕೇಳಿಲ್ಲ,
ಕೇಳಿದರೆ ಏನು ಹೇಳುವುದೋ ತಿಳಿದಿಲ್ಲ.

ಹೊರಗೆ ಒಬ್ಬಾಕೆ ಬೂಟು ಬಿಚ್ಚುತ್ತಿದ್ದಾಳೆ,
ಗೋಡೆ ಹಿಡಿದು.
‘ಇದು ಲೆಕ್ಕಕ್ಕೋ, ಬರೀ ಅಭ್ಯಾಸಕ್ಕೋ?’

ಗಡಿಯಾರ ಒತ್ತಿಯಾಗಿದೆ.
ಬನ್ನಿ, ಅಂದೆ.