ಎರಡು ಕಾಲಮ್ಮಿನ ಖಾಲಿ ಚೌಕ

ಸಂಪಾದಕರೇ,
ನಿನ್ನೆ ಸಂಜೆ ಮೊದಲ ಪುಟದ ಕೆಳಗೆ, ಎಡಕ್ಕೆ,
ನನ್ನ ಚಿತ್ರ ಇರಬೇಕಾದಲ್ಲಿ
ಬಿಳಿ ಕಾಗದ ಬಾಯಿ ಮುಚ್ಚಿಕೊಂಡು ಕೂತಿತ್ತು.
ನನ್ನ ರುಜು ಅಳಿಸಲು ಮಾತ್ರ ಮರೆತಿದ್ದೀರಿ.
ಹನ್ನೊಂದು ವರ್ಷದಲ್ಲಿ ನೀನು ಬರೆದುದರಲ್ಲಿ ಇದೇ ಚಂದದ್ದು
ಎಂದರು ಕೋಡಿಬಾಗದ ಕ್ಷೌರದಂಗಡಿಯಲ್ಲಿ.

ಬರೆದದ್ದಾದರೂ ಏನು?
ಒಂದು ತಿಮಿಂಗಿಲ, ಕೋಟು, ಟೈ,
ರೆಕ್ಕೆಯಲ್ಲಿ ಬಜೆಟ್ಟಿನ ಪ್ರತಿ,
ಕೆಳಗೆ ಒಂದು ಸಾಲು:
"ನನ್ನದೊಂದು ಹುರುಪೆ ಕಿತ್ತರೆ ಕಡಲೇ ಬತ್ತೀತು!"
ತಿಮಿಂಗಿಲಕ್ಕೆ ಹುರುಪೆ ಇರುವುದಿಲ್ಲ ಎಂದು
ವಿಜ್ಞಾನದ ಮಾಸ್ತರರ ಫೋನು ಬರುವುದು ಗೊತ್ತಿತ್ತು.
ಅಚ್ಚಿಗೆ ಹೋಗುವ ಮೊದಲೇ
ದತ್ತಾರಾಮ ಸಾವಕಾರರ ಫೋನು ಬರುವುದು ಗೊತ್ತಿರಲಿಲ್ಲ.
ಜಾಹೀರಾತಿನ ಹುಡುಗ ತೋರಿಸಿದನಂತೆ.
ಆ ಟೈ ತಮ್ಮದೇ ಅಂದರಂತೆ.

ಮೂರನೆಯ ಪುಟದಲ್ಲಿ ಅವರು ಅರ್ಧ ಪುಟ ನಗುತ್ತಿದ್ದಾರೆ,
ಬೆನ್ನ ಹಿಂದೆ ಬೈತಖೋಲದ ಬಂದರು.
ಕೋಟಿ ದಾಟಿದವರ ಮೇಲೆ ತೆರಿಗೆ ಏರಿಸಿದರೆ
ಕೆಲಸ ಕೊಡುವ ಕೈ ಯಾವುದು ಅಂತ ಕೇಳಿದ್ದಾರೆ,
ಮುನ್ನೂರು ಮನೆಯ ಒಲೆ ತಮ್ಮಿಂದ ಉರಿಯುತ್ತದಂತೆ,
ಇಲ್ಲದಿದ್ದರೆ ಬೋಟು ಬಿಚ್ಚಿಕೊಂಡು ಗೋವಕ್ಕೆ.

ಬೆಳಿಗ್ಗೆ ಅವರ ಐಸು ಫ್ಯಾಕ್ಟರಿಗೆ ಹೋದೆ, ಎಣಿಸೋಣವೆಂದು.
ಗೇಟಿನಲ್ಲಿ ಪಾಂಡು ತಾಂಡೇಲ.
ಒಳಗೆ ಕ್ಯಾಮೆರಾ ಕಾಯುವ ಹುಡುಗ,
ಪರದೆಯಲ್ಲಿ ಕಾಣುವವನೂ ಅವನೇ.
ಐಸು ಒಡೆಯುವುದು ಯಂತ್ರ, ಸಿಗಡಿ ಆರಿಸುವುದು ಯಂತ್ರ.
ಆರಿಸುತ್ತಿದ್ದ ಇಪ್ಪತ್ತೆರಡು ಹೆಂಗಸರ ಮಣೆಗಳು
ಗೋಡೆಗೊರಗಿ ನಿಂತಿವೆ, ಸಂಬಳದ ದಿನದ ಸಾಲಿನಂತೆ.
ಎರಡು ಬೆಕ್ಕನ್ನೂ ಸೇರಿಸಿದೆ.
ಮುನ್ನೂರಾಗಲಿಲ್ಲ.

ಅಲ್ಲಿಂದ ಮೀನುಪೇಟೆ.
"ಎಂತಾ ತಮಾ, ನಿನ್ನೆ ನಿನ್ನ ಗೊಂಬೆ ಇರಲಿಲ್ಲ?"
ಶೇವಂತಿ ಹರಿಕಂತ್ರ, ಬಂಗುಡೆಯ ಬುಟ್ಟಿಯ ಹಿಂದಿನಿಂದ.
ಅವಳ ತೊಡೆಯ ಮೇಲೆ ನಮ್ಮದೇ ಪತ್ರಿಕೆ,
ಆ ಖಾಲಿ ಚೌಕದೊಳಗೆ ನೀಲಿ ಶಾಯಿಯಲ್ಲಿ:
ಮಾಸ್ತರು ೮೦. ಪೋಸ್ಟಿನ ಬಾಯಿ ೫೦.
ಹೋಟೆಲಿನವ, ನಾಳೆ ಅಂದ.
"ಉದ್ರಿ ಬರೆಯೂಕೆ ಜಾಗ ಆಯ್ತು ನೋಡು,
ದಿನಾ ಹಿಂಗೇ ಬಿಡೂಕೆ ಹೇಳು."

ಸಾವಕಾರರ ಕತೆ ಹೇಳಿದೆ.
ತಿಮಿಂಗಿಲಕ್ಕೆ ಅವಳು ನಗಲಿಲ್ಲ.
ಸೊಂಟದ ಚೀಲದಿಂದ ಒದ್ದೆ ಚೀಟಿಯೊಂದನ್ನು ತೆಗೆದು
ನನ್ನ ಅಂಗೈಗೆ ಅಂಟಿಸಿದಳು.
"ಕೂತ ಜಾಗಕ್ಕೆ ದಿನಕ್ಕೆ ಇಪ್ಪತ್ತು.
ಮೀನು ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ.
ಗೋವಕ್ಕೆ ಹೋಗ್ತೆ ಅಂತ ನಾ ಹೆದರಿಸಿದ್ರೆ
ಹೋಗು, ಎಂಟೂವರೆಗೆ ಬಸ್ಸದೆ ಅಂತಾನೆ ಚೀಟಿಯವ."

ಆಮೇಲೆ ಗಿರಾಕಿ ಬಂದರು,
ಬಂಗುಡೆಯ ಕಿವಿರು ಎತ್ತಿ ತೋರಿಸುತ್ತಲೇ ಅಂದಳು:
ಮಾವನ ಕಾಲದಲ್ಲಿ ರಂಪಣಿ ಎಳೆದರೆ
ಬಲೆಗೊಂದು ಪಾಲು, ದೋಣಿಗೊಂದು ಪಾಲು,
ಹಗ್ಗ ಮುಟ್ಟಿದ ಮಕ್ಕಳಿಗೂ ಒಂದು ಹಿಡಿ,
ಗಂಡ ಸತ್ತವಳು ಬುಟ್ಟಿ ಇಟ್ಟು ದೂರ ನಿಂತರೂ
ಯಾರೋ ಒಬ್ಬರು ತುಂಬಿ ಬರುತ್ತಿದ್ದರು.
"ಬಲೆ ಇದ್ದವ ಓಡಿಹೋದದ್ದು ನಾನಂತೂ ಕಂಡಿಲ್ಲ.
ಮರುದಿನ ಮತ್ತೆ ಅವನೇ ಬಂದು ಕರೆದಿದ್ದ, ಎಳೂಕೆ ಜನ ಬೇಕಲ್ಲ."

ಮಳೆಯ ಬಗ್ಗೆ ಬರಿ ಅಂದಿದ್ದೀರಿ,
ಮಳೆ ಯಾರಿಗೂ ಫೋನು ಮಾಡುವುದಿಲ್ಲ ಅಂದಿದ್ದೀರಿ.
ಸರಿ, ಬರೆದು ಕಳಿಸಿದ್ದೇನೆ:
ರಸ್ತೆಯಗಲದ ಒಂದು ಕೊಡೆ, ಅಡಿಗೆ ಒಬ್ಬನೇ.
ಕೊಡೆಯಂಚಿನಿಂದ ತೊಟ್ಟಿಕ್ಕುವ ನೀರಿಗೆ
ಬೊಗಸೆಯೊಡ್ಡಿದ ಜನ, ಮುಖ ಬರೆದಿಲ್ಲ.
"ನೋಡಿ, ಇವರಿಗೆಲ್ಲ ಕುಡಿಸುತ್ತಿರುವುದು ನಾನು"
ಎಂಬ ಸಾಲನ್ನು ಬೇಕಾದರೆ ಹೊಡೆದುಹಾಕಿ.
ಚಿತ್ರವೇ ಬೇಡವೆಂದರೆ ಚೌಕ ಖಾಲಿ ಬಿಡಿ,
ಮಾಸ್ತರರು ಇನ್ನೂ ಎಂಬತ್ತು ಕೊಟ್ಟಿಲ್ಲ,
ಶೇವಂತಿಗೆ ಜಾಗ ಬೇಕು.

ಇನ್ನೊಂದು ಮಾತು. ಈ ಸಲ ಟೈ ಹಾಕಿಲ್ಲ.
ಅಚ್ಚಿಗೆ ಹೋಗುವ ಮೊದಲು
ಕೊಡೆ ಯಾರದ್ದೆಂದು ಒಮ್ಮೆ ವಿಚಾರಿಸಿಬಿಡಿ.