ಹೆಸರಿನ ಕಾಲಂ

ಬೆಟಗೇರಿಯ ಈ ಓಣಿಯ ಮೇಲೆ
ಹನ್ನೊಂದು ಉಪಗ್ರಹ ನಿಂತಿವೆ ಎನ್ನುತ್ತದೆ ನನ್ನ ಟ್ಯಾಬು.
ಕತ್ತೆತ್ತಿದರೆ ಒಂದು ಹದ್ದು, ಕೇಬಲ್ ವೈರು,
ಒಣಹಾಕಿದ ಸೀರೆಯ ತುದಿ.

ಮನೆ ನಲವತ್ತಾರು. ನಳ ಒಂಬತ್ತು. ಗಟಾರ ಒಂದೇ ಬದಿಗೆ.
ಎಲ್ಲ ತುಂಬಿದೆ. ಉಳಿದದ್ದು ಒಂದೇ ಕಾಲಂ,
ಕೆಂಪು ಚುಕ್ಕಿ ಇಟ್ಟುಕೊಂಡು ಕಾಯುತ್ತಿದೆ:
ರಸ್ತೆಯ ಹೆಸರು.

ಮೂಲೆಯ ಕಿರಾಣಿಯವ ಕೇಳುವ ಮೊದಲೇ ಹೇಳಿದ.
ಹೇಳಿ, ಬಾಯಿಯ ಎಲೆಅಡಿಕೆ ಪಕ್ಕಕ್ಕೆ ಉಗುಳಿದ.
ಹೆಸರಿಗೂ ಉಗುಳಿಗೂ ನಡುವೆ
ಉಸಿರಾಡುವಷ್ಟೂ ಜಾಗವಿರಲಿಲ್ಲ.

ಆಮೇಲೆ ನನ್ನ ಕೊರಳ ಕಾರ್ಡು ನೋಡಿದ.
"ಬಾಯಾರ, ನಿಮ್ಮೂರು?"
ಹಾವೇರಿ ಕಡೆ.
"ಹಾವೇರಿ ಅಂದ್ರ?"
ಸವಣೂರು.
"ಸವಣೂರಾಗ ಎಲ್ಲಿ? ಅಡ್ಡೆಸರೇನು?"
ಎರಡು ಬೆರಳು ಅಗಲಿಸಿ ಅಗಲಿಸಿ
ನನ್ನನ್ನು ಹತ್ತಿರಕ್ಕೆ ಎಳೆಯುತ್ತಿದ್ದ,
ಜಿಲ್ಲೆಯಿಂದ ಊರಿಗೆ, ಊರಿಂದ ಓಣಿಗೆ,
ಓಣಿಯಿಂದ ನಮ್ಮವ್ವನ ಹೊಸ್ತಿಲಿಗೆ.
ನೆಟ್‌ವರ್ಕ್ ಇಲ್ಲರಿ ಅಂದು, ಟ್ಯಾಬು ಎತ್ತಿ ಹಿಡಿದು
ಬಿಸಿಲಿಗೆ ನಡೆದೆ.

ಫಕ್ಕೀರವ್ವನಿಗೆ ನಾಚಿಕೆಯಿಲ್ಲ.
ಅವ ಹೇಳಿದ್ದನ್ನೇ ಹೇಳಿದಳು,
ಅವೇ ಅಕ್ಷರ,
ಆದರೆ ಅವಳ ಬಾಯಲ್ಲಿ ಅದಕ್ಕೆ
ಬೆಳಗಿದ ಕೊಡದ ಸಪ್ಪಳವಿತ್ತು.
"ನಮ್ಮತ್ತಿ ಇಲ್ಲೇ ಸತ್ಲು, ನಾ ಇಲ್ಲೇ ಹಡದೆ.
ಹೆಸರು ತಗದ್ರ ಟ್ಯಾಂಕರಿನಾಂವ
ಏನಂತ ಕೇಳಿಕೋಂತ ಬರಬೇಕು?
ಹದಿನೆಂಟು ದಿನಕ್ಕೊಮ್ಮೆ ನೀರು.
ಹೆಸರಿದ್ದರ ಇಷ್ಟು ತಡ, ಇರದಿದ್ದರ?"

ಒಳಗಿನಿಂದ ಮೊಮ್ಮಗಳು ಬಂದಳು, ಐಶ್ವರ್ಯಾ,
ನರ್ಸಿಂಗ್ ಎರಡನೇ ವರ್ಷ,
ಬಿಳಿ ಕೋಟು ಮಡಚಿ ತೋಳ ಮೇಲೆ.
"ಅದನ್ನ ಬರೀಬ್ಯಾಡ್ರಿ ಅಕ್ಕಾ.
ನಾ ದಿನಾ ಗಿರಣಿ ಮುಂದ ಇಳೀತೀನಿ.
ಗಿರಣಿ ಮುಚ್ಚಿ ಆರು ವರ್ಷಾತು,
ಆದ್ರೂ ಗಿರಣಿ ಹಿಂದಿನ ಮನಿ ಅಂತೀನಿ.
ಇನ್ನ ಫೋನಿನಾಗಿನ ಆ ಹೆಣ್ಮಗಳು
ಆಟೋ ತುಂಬ ಕೇಳೂವಂಗ
ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಅಂತ ಹೇಳಿ
ನಮ್ಮ ಓಣಿ ಹೆಸರು ಕೂಗಿದ್ಲಂದ್ರ?"

ಹಂಗಾರ ಗಿರಣಿ ರಸ್ತೆ ಅನ್ನೋಣೇನು?
"ಗಿರಣಿ ನಮ್ದಲ್ಲವಾ," ಎಂದಳು ಮುದುಕಿ.
"ಎಲ್ಲಾರದೂ ಮುಗದ ಮ್ಯಾಲ
ನಮ್ಮ ಜ್ವಾಳ ಹಾಕತಿದ್ದ ಅಂವ."
ಶಾಂತಿನಗರ, ಎಂದ ಸೈಕಲ್ಲಿನ ಹುಡುಗ.
ನಾಲ್ಕೈದು ಬಾಗಿಲು ಒಟ್ಟಿಗೆ ನಕ್ಕವು.

ದೂರ ಕಪ್ಪತಗುಡ್ಡದ ಕಡೆ
ಗಾಳಿಯಂತ್ರಗಳು ಪುರಸೊತ್ತಿನಲ್ಲಿ ತಿರುಗುತ್ತಿದ್ದವು.
ಒಂದೊಂದಕ್ಕೂ ನಂಬರಿದೆ ನನ್ನ ನಕ್ಷೆಯಲ್ಲಿ.
ಅವುಗಳ ಅಡ್ಡಹೆಸರು ಯಾರೂ ಕೇಳುವುದಿಲ್ಲ.

ಹೇಳಬಾರದು, ಆದರೂ ಹೇಳುತ್ತೇನೆ:
ನಮ್ಮೂರಿನ ಹಾಳೆ ನನ್ನ ಟೇಬಲ್ಲಿಗೆ ಬಂದ ದಿನ
ನಮ್ಮ ಓಣಿಗೆ ನಾನೇ ಹೆಸರಿಟ್ಟೆ:
ಎರಡನೇ ಅಡ್ಡರಸ್ತೆ.
ಮೊದಲನೆಯದು ಎಲ್ಲಿ ಎಂದು
ಸಾಹೇಬರೂ ಕೇಳಲಿಲ್ಲ, ಯಂತ್ರವೂ ಕೇಳಲಿಲ್ಲ.
ಅವ್ವನ ಪಿಂಚಣಿಯ ಕಾಗದ ಮಾತ್ರ
ಮೂರು ಸಲ ವಾಪಸು ಹೋಗಿದೆ.
ಅಂಚೆಯವನಿಗೆ ಹಳೆಯ ಹೆಸರೇ ಗೊತ್ತು.
ಅವ್ವನಿಗೂ.

ಬ್ಯಾಟರಿ ಹನ್ನೆರಡಕ್ಕೆ ಇಳಿದಿತ್ತು.
ಖಾಲಿ ಬಿಟ್ಟು ಒತ್ತಿದೆ.
ಕ್ಷಣ ಹೊತ್ತು ಯೋಚಿಸಿ
ಬೂದು ಅಕ್ಷರದಲ್ಲಿ ತಾನೇ ಬರೆದುಕೊಂಡಿತು:
ಹೆಸರಿಲ್ಲದ ರಸ್ತೆ.

ಐಶ್ವರ್ಯಾ ಬಗ್ಗಿ ಓದಿದಳು.
ನಕ್ಕಳೋ ಇಲ್ಲವೋ ತಿಳಿಯಲಿಲ್ಲ,
ಗಾಜಿನ ಮೇಲೆ ಬಿಸಿಲು ಬಿದ್ದಿತ್ತು.

"ಏನಂತ ಬರದ್ರಬೇ?" ಎನ್ನುತ್ತ ಫಕ್ಕೀರವ್ವ
ಎರಡು ಖಾಲಿ ಕೊಡ ತಂದು ಸರತಿಗಿಟ್ಟಳು.
ಮಂದಿ ಒಯ್ಯದಿರಲೆಂದು
ಎರಡರ ಕತ್ತಿಗೂ
ಕೆಂಪು ಬಣ್ಣದಲ್ಲಿ, ಸೊಟ್ಟಗೆ, ದೊಡ್ಡದಾಗಿ
ಬರೆದುಕೊಂಡಿದ್ದಳು
ಫ.